ಮೈ ನೋಡುವ ಯಂತ್ರ, ಮುಖ ನೋಡಿ ಮಣೆ ಹಾಕುವ ನಾವು

ಜರ್ಮನಿಗೆ ಬಂದ ಹೊಸತರಲ್ಲಿ ನಮ್ಮ ಕಡೆಯವರಿಗೆ ಮುಜುಗರ ಶುರುವಾಗುವುದು ಬೇಸಿಗೆಯಲ್ಲಿ. ನಾಲ್ಕು ದಿನ ಒಳ್ಳೆ ಬಿಸಿಲು ಬಿದ್ದರೆ ಸಾಕು, ಕೆರೆ ದಂಡೆಯಲ್ಲಿ ಮೈಮೇಲೆ ಒಂದೆಳೆ ನೂಲೂ ಇಲ್ಲದೆ ಮಲಗಿದ ಜನ ಕಾಣುತ್ತಾರೆ. ಅಜ್ಜ ಅಜ್ಜಿಯರೂ ಇರುತ್ತಾರೆ. ಮ್ಯೂನಿಕ್ ಊರಿನ ನಟ್ಟನಡುವೆ ಇಂಗ್ಲಿಷರ್ ಗಾರ್ಟನ್ ಅಂತ ದೊಡ್ಡ ಪಾರ್ಕ್ ಇದೆ. ಅಲ್ಲೂ ಇದಕ್ಕೆಂದೇ ಬಿಟ್ಟ ಜಾಗಗಳಿವೆ. ಸೌನಾ ಅನ್ನುವ ಬಿಸಿಕೋಣೆಗೆ ಹೋದರೆ ಗಂಡಸರು ಹೆಂಗಸರು ಒಟ್ಟಿಗೇ ಕೂತಿರುತ್ತಾರೆ. ಈಜುಡುಗೆ ಹಾಕಿಕೊಂಡು ಒಳಗೆ ಕಾಲಿಟ್ಟವನನ್ನೇ ಗುರಾಯಿಸುತ್ತಾರೆ.

ಇಂಥ ದೇಶದಲ್ಲಿ 2010ರ ಜನವರಿಯಲ್ಲಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಟ್ಟೆಯೊಳಗಿನ ಮೈಯನ್ನೇ ತೋರಿಸುವ ಬಾಡಿ ಸ್ಕ್ಯಾನರ್ ಯಂತ್ರ ಬೇಡವೇ ಬೇಡ ಅಂತ ಗಲಾಟೆ ಆಯಿತು. ಪೈರೇಟ್ ಪಾರ್ಟಿ ಅನ್ನುವ ಸಣ್ಣ ಪಕ್ಷದವರು ಬರ್ಲಿನ್ನಿನ ಟೇಗಲ್ ವಿಮಾನ ನಿಲ್ದಾಣಕ್ಕೆ ಹೋಗಿ, ಬರೀ ಒಳಉಡುಪಿನಲ್ಲಿ, ಮೈಮೇಲೆ ಘೋಷಣೆ ಬರೆದುಕೊಂಡು ನಿಂತರು. ನಾನು ಇಲ್ಲಿಗೆ ಬರುವ ಮೊದಲಿನ ಕಥೆ ಇದು. ಆಫೀಸಿನಲ್ಲಿ ಯಾರೋ ಹೇಳಿದಾಗ ನನಗೆ ನಗು ಬಂತು. ಕೆರೆ ಹತ್ತಿರ ಊರಿಗೆಲ್ಲ ಕಾಣುವ ಹಾಗೆ ಮಲಗುವವರಿಗೆ ಯಂತ್ರದ ಮುಂದೆ ಎಂಥ ನಾಚಿಕೆ ಅಂತ ಕೇಳಿಯೇಬಿಟ್ಟೆ. ಅವನು ನಗಲಿಲ್ಲ. "ಕೆರೆ ಹತ್ತಿರ ಬಟ್ಟೆ ತೆಗೆಯುವವನು ನಾನು. ಅಲ್ಲಿ ನನ್ನ ಬಟ್ಟೆ ತೆಗೆಯುವವರು ಇನ್ಯಾರೋ" ಅಂದ.

ನಾಚಿಕೆ ಬೇರೆ, ಖಾಸಗಿತನ ಬೇರೆ. ನಮ್ಮಲ್ಲಿ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ಆ ಗಂಟಿನೊಳಗೆ ಮೂರನೆಯದೊಂದನ್ನೂ ಸೇರಿಸಿಟ್ಟಿದ್ದೇವೆ. ಅದು ಸ್ಥಾನಮಾನ. ಮೂರನ್ನೂ ಬಿಡಿಸಿ ನೋಡದೆ ಸ್ಕ್ಯಾನರ್ ಬಗ್ಗೆ ಮಾತಾಡಿದರೆ ನಮ್ಮ ಮಾತು ಎಲ್ಲೆಲ್ಲಿಗೋ ಹೋಗುತ್ತದೆ ಅನ್ನುವುದು ನನ್ನ ಅನಿಸಿಕೆ.

ಈ ಯಂತ್ರಗಳು ಊರೂರಿಗೆ ಬಂದದ್ದಕ್ಕೆ ಒಂದು ದಿನ ಕಾರಣ. 2009ರ ಡಿಸೆಂಬರ್ 25. ಆಮ್‌ಸ್ಟರ್‌ಡ್ಯಾಮ್‌ನಿಂದ ಅಮೆರಿಕದ ಡೆಟ್ರಾಯ್ಟ್‌ಗೆ ಹೊರಟಿದ್ದ ವಿಮಾನದಲ್ಲಿ ನೈಜೀರಿಯಾದ ಒಬ್ಬ ಯುವಕ ಒಳಚಡ್ಡಿಯಲ್ಲಿ ಸ್ಫೋಟಕ ಹೊಲಿಸಿಕೊಂಡು ಕೂತಿದ್ದ. ಅದು ಸರಿಯಾಗಿ ಸಿಡಿಯಲಿಲ್ಲ, ಬೆಂಕಿ ಹತ್ತಿತು. ಪಕ್ಕದ ಪ್ರಯಾಣಿಕರೇ ಹಿಡಿದು ಹಾಕಿದರು. ಪಿಇಟಿಎನ್ ಅನ್ನುವ ಆ ಪುಡಿಯಲ್ಲಿ ಲೋಹ ಇಲ್ಲ. ಮೆಟಲ್ ಡಿಟೆಕ್ಟರ್ ಕೂಗುವುದಾದರೂ ಹೇಗೆ? ಅದಕ್ಕೂ ಮೊದಲೇ ಅಲ್ಲಲ್ಲಿ ಪ್ರಯೋಗದಲ್ಲಿದ್ದ ಬಾಡಿ ಸ್ಕ್ಯಾನರ್‌ಗಳಿಗೆ ಆಮೇಲೆ ಎಲ್ಲ ಸರ್ಕಾರಗಳೂ ಮುಗಿಬಿದ್ದವು.

ಯಂತ್ರದಲ್ಲಿ ಎರಡು ಬಗೆ ಇದ್ದವು. ಒಂದು ಬಹಳ ಕಡಿಮೆ ಎಕ್ಸ್-ರೇ ಬಿಟ್ಟು, ಮೈಗೆ ತಾಗಿ ವಾಪಸ್ ಬಂದದ್ದನ್ನು ಚಿತ್ರ ಮಾಡುವಂಥದ್ದು. ಇನ್ನೊಂದು ಮಿಲಿಮೀಟರ್ ಅಲೆಯದ್ದು, ರೇಡಿಯೋ ಅಲೆಗಳ ಜಾತಿ. ಈಗ ವಿಮಾನ ನಿಲ್ದಾಣಗಳಲ್ಲಿ ನಾವು ನೋಡುವುದು ಹೆಚ್ಚಾಗಿ ಎರಡನೆಯದೇ. ಎರಡಕ್ಕೂ ಬಟ್ಟೆ ಲೆಕ್ಕಕ್ಕಿಲ್ಲ, ಚರ್ಮದ ತನಕ ಕಾಣುತ್ತದೆ. ಶುರುವಿನಲ್ಲಿ ಆ ಚಿತ್ರವನ್ನು ಪಕ್ಕದ ಮುಚ್ಚಿದ ಕೋಣೆಯಲ್ಲಿ ಒಬ್ಬ ಸಿಬ್ಬಂದಿ ಕೂತು ನೋಡುತ್ತಿದ್ದ. ಚಿತ್ರ ನೋಡುವವನಿಗೆ ನೀವು ಕಾಣುವುದಿಲ್ಲ, ನಿಮ್ಮೆದುರು ನಿಂತವನಿಗೆ ಚಿತ್ರ ಕಾಣುವುದಿಲ್ಲ, ಮುಖ ಮಸುಕಾಗಿರುತ್ತದೆ, ಚಿತ್ರ ಉಳಿಯುವುದಿಲ್ಲ, ಹಾಗಾಗಿ ಚಿಂತೆ ಬೇಡ ಎಂದು ಸಮಾಧಾನ ಹೇಳುತ್ತಿದ್ದರು.

ಆದರೆ ಯಂತ್ರಕ್ಕೆ ಬಾಂಬು ಯಾವುದು, ಬದುಕು ಯಾವುದು ಅಂತ ಗೊತ್ತಿಲ್ಲ. ಸ್ತನ ಕ್ಯಾನ್ಸರ್ ಆಪರೇಷನ್ ಆದವರು ಒಳಗೆ ಇಟ್ಟುಕೊಳ್ಳುವ ಮೆತ್ತೆ, ಮಲಮೂತ್ರ ಸೇರಲು ಹೊಟ್ಟೆಗೆ ಅಂಟಿಸಿದ ಚೀಲ, ವಯಸ್ಸಾದವರ ಡೈಪರ್, ಇವೆಲ್ಲ ಕಾಣುತ್ತವೆ. ಮನೆಯವರಿಗೂ ಹೇಳದೆ ಇಟ್ಟುಕೊಂಡ ವಿಷಯ ಯಾವುದೋ ಕೋಣೆಯ ಯಾವನೋ ಸಿಬ್ಬಂದಿಗೆ ಗೊತ್ತಾಗುತ್ತದೆ. ಬೆತ್ತಲೆ ಚಿತ್ರ ಅನ್ನುವ ಕೂಗಿನಲ್ಲಿ ಈ ಜನರ ದನಿ ಅಷ್ಟಾಗಿ ಕೇಳಿಸಲಿಲ್ಲ. ನನ್ನ ಲೆಕ್ಕದಲ್ಲಿ ಮೊದಲು ಕೇಳಬೇಕಾಗಿದ್ದದ್ದು ಅದೇ.

ಬ್ರಿಟನ್ನಿನಲ್ಲಿ 2010ರ ಶುರುವಿನಲ್ಲೇ ಹೀಥ್ರೂ, ಮ್ಯಾಂಚೆಸ್ಟರ್‌ಗಳಲ್ಲಿ ಯಂತ್ರ ಬಂತು. ಅಲ್ಲಿ ಆಯ್ಕೆಯೂ ಇರಲಿಲ್ಲ. ಒಪ್ಪದಿದ್ದರೆ ವಿಮಾನವೇ ಇಲ್ಲ. 2010ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಬ್ಬರು ಹೆಂಗಸರು ಒಪ್ಪದೆ ಅಲ್ಲೇ ಉಳಿದರು. ಬೇಡ ಅಂದವರಿಗೆ ಬೇರೆ ದಾರಿ ಸಿಕ್ಕಿದ್ದು 2013ರ ಕೊನೆಗೆ. ಅದೇ 2010ರ ಫೆಬ್ರವರಿಯಲ್ಲಿ ನಮ್ಮ ಶಾರುಖ್ ಖಾನ್ ಅಲ್ಲಿನ ಟಿವಿಯಲ್ಲಿ ಒಂದು ಕಥೆ ಬಿಟ್ಟರು. ಹೀಥ್ರೂನಲ್ಲಿ ಸ್ಕ್ಯಾನ್ ಆದ ಮೇಲೆ ಅಲ್ಲಿನ ಹುಡುಗಿಯರು ತನ್ನ ಚಿತ್ರವನ್ನು ಪ್ರಿಂಟ್ ಹಾಕಿಸಿ ತಂದರು, ತಾನು ಅದಕ್ಕೆ ಆಟೋಗ್ರಾಫ್ ಹಾಕಿದೆ ಅಂತ. ಹಾಗೆ ಪ್ರಿಂಟ್ ಹಾಕಲು ಆಗುವುದೇ ಇಲ್ಲ ಅಂತ ವಿಮಾನ ನಿಲ್ದಾಣದವರು ಸ್ಪಷ್ಟನೆ ಕೊಡಬೇಕಾಯಿತು. ತಮಾಷೆಯೇ ಇರಬೇಕು. ಆದರೂ ಜನ ನಂಬಿದರಲ್ಲ, ಅದನ್ನು ಗಮನಿಸಿ. ಚಿತ್ರ ಉಳಿಯುವುದಿಲ್ಲ ಅನ್ನುವ ಮಾತಿಗೆ ಅಷ್ಟೇ ಬೆಲೆ ಇತ್ತು.

ಅಮೆರಿಕದಲ್ಲಿ ಆ ಮಾತಿನ ಬಣ್ಣ ಬಯಲಾಯಿತು. ವಿಮಾನ ನಿಲ್ದಾಣಗಳ ತಪಾಸಣೆ ನೋಡಿಕೊಳ್ಳುವ ಟಿಎಸ್‌ಎ, ಚಿತ್ರ ಉಳಿಸಲು ಸಾಧ್ಯವೇ ಇಲ್ಲ ಅಂತ ಹೇಳುತ್ತಿತ್ತು. ಎಪಿಕ್ ಎಂಬ ಖಾಸಗಿತನದ ಪರವಾದ ಸಂಸ್ಥೆ ನಮ್ಮ ಆರ್‌ಟಿಐ ಥರದ ಕಾನೂನಿನಲ್ಲಿ ಕಾಗದ ತರಿಸಿತು. ಪರೀಕ್ಷೆಯ ಹೊತ್ತಿಗೆ ಚಿತ್ರ ಉಳಿಸುವ, ಕಳಿಸುವ ಸೌಲಭ್ಯ ಇರಲೇಬೇಕು ಅಂತ ಯಂತ್ರ ಕೊಳ್ಳುವಾಗಲೇ ಟಿಎಸ್‌ಎ ಬರೆದುಕೊಟ್ಟಿತ್ತು. ಇನ್ನೊಂದು ಕಡೆ, ಫ್ಲಾರಿಡಾದ ಆರ್ಲ್ಯಾಂಡೊ ಕೋರ್ಟಿನ ಬಾಗಿಲಲ್ಲಿ ಇಟ್ಟಿದ್ದ ಸ್ಕ್ಯಾನರ್ 35 ಸಾವಿರ ಚಿತ್ರಗಳನ್ನು ಸುಮ್ನೆ ಒಳಗೆ ಇಟ್ಟುಕೊಂಡಿತ್ತು. 2010ರ ನವೆಂಬರಿನಲ್ಲಿ ಅದರಲ್ಲಿ ನೂರು ಚಿತ್ರಗಳನ್ನು ಗಿಜ್ಮೋಡೊ ಎಂಬ ತಾಣ ಪ್ರಕಟಿಸಿತು. ಚಿತ್ರಗಳು ಅಷ್ಟೇನೂ ಸ್ಪಷ್ಟ ಇರಲಿಲ್ಲ. ಅದು ವಿಮಾನ ನಿಲ್ದಾಣವೂ ಅಲ್ಲ. ಆದರೆ ಉಳಿಸಬಾರದು ಅಂದದ್ದು ಉಳಿದಿತ್ತು, ಹೊರಗೂ ಬಂತು.

ಅದೇ ತಿಂಗಳು ಇನ್ನೊಂದು ರಗಳೆ. ಯಂತ್ರ ಬೇಡ ಅಂದವರನ್ನು ಕೈಯಿಂದ ತಡವಿ ನೋಡುವ ಕ್ರಮವನ್ನು ಟಿಎಸ್‌ಎ ಬಿಗಿ ಮಾಡಿತು. ತೊಡೆಸಂದಿಯ ತನಕ ಕೈ ಹೋಗುತ್ತಿತ್ತು. ಒಂದು ಕಡೆ ಬೆತ್ತಲೆ ಚಿತ್ರ, ಇನ್ನೊಂದು ಕಡೆ ಇಂಥ ಕೈ. ಯಾವುದು ಬೇಕೋ ಆರಿಸಿಕೊಳ್ಳಿ ಅನ್ನುವುದು ಆಯ್ಕೆಯೇ ಅಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ದೇಶದಲ್ಲೆಲ್ಲ ಯಂತ್ರಕ್ಕೆ ಬೇಡ ಅನ್ನೋಣ ಅಂತ ಕರೆ ಕೊಟ್ಟರು. ಹಬ್ಬಕ್ಕೆ ಊರು ಸೇರುವ ಗಡಿಬಿಡಿಯಲ್ಲಿ ಹೆಚ್ಚು ಜನ ಕಿವಿಗೊಡಲಿಲ್ಲ. ಜನ ಎಲ್ಲ ಕಡೆಯೂ ಒಂದೇ, ಅಲ್ವಾ? ಕೆಲಸ ಆದದ್ದು ಬೀದಿಯಲ್ಲಲ್ಲ, ಕೋರ್ಟಿನಲ್ಲಿ. 2011ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಎಪಿಕ್ ಹೂಡಿದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಯಂತ್ರ ಸಂವಿಧಾನಕ್ಕೆ ವಿರುದ್ಧವಲ್ಲ, ಆದರೆ ಜನರ ಅಭಿಪ್ರಾಯ ಕೇಳದೆ ಜಾರಿಗೆ ತಂದದ್ದು ತಪ್ಪು, ಈಗಲಾದರೂ ಕೇಳಿ ಅಂತ. ಮರುವರ್ಷ ಅಲ್ಲಿನ ಸಂಸತ್ತು ಕಾನೂನೇ ಮಾಡಿತು. ಮೈಯ ಚಿತ್ರ ಬೇಡ, ಎಲ್ಲರಿಗೂ ಒಂದೇ ಗೊಂಬೆಯ ಚಿತ್ರ ತೋರಿಸಿ, ಅನುಮಾನ ಬಂದ ಜಾಗದಲ್ಲಿ ಒಂದು ಗುರುತು ಹಾಕಿದರೆ ಸಾಕು. ಮಿಲಿಮೀಟರ್ ಅಲೆಯ ಯಂತ್ರಕ್ಕೆ ಆ ತಂತ್ರಾಂಶ ಕೂಡಿಬಂತು. ಎಕ್ಸ್-ರೇ ಯಂತ್ರ ಮಾಡಿದ ಕಂಪನಿಗೆ ಹೇಳಿದ ಗಡುವಿನೊಳಗೆ ಆಗಲಿಲ್ಲ. 2013ರ ಮೇ ಹೊತ್ತಿಗೆ ಅಮೆರಿಕದ ವಿಮಾನ ನಿಲ್ದಾಣಗಳಿಂದ ಆ ಯಂತ್ರಗಳೆಲ್ಲ ಹೊರಬಿದ್ದವು.

ಹೊರಬಿದ್ದು ಎಲ್ಲಿಗೆ ಹೋದವು ಗೊತ್ತಾ? ಅವುಗಳಲ್ಲಿ ಹಲವು ಅರ್ಕನ್ಸಾ, ಅಯೋವಾ, ವರ್ಜೀನಿಯಾದಂಥ ರಾಜ್ಯಗಳ ಜೈಲುಗಳಿಗೆ. ವಿಮಾನದ ಟಿಕೆಟ್ ಕೊಂಡವನಿಗೆ ಬೇಡವಾದ ಯಂತ್ರ ಕೈದಿಗೆ ಆಗುತ್ತದೆ. ಹಕ್ಕಿನ ಬಗ್ಗೆ ಅಷ್ಟೆಲ್ಲ ವಾದ ಮಾಡಿದ ದೇಶ ಇದನ್ನು ಮಾತಿಲ್ಲದೆ ನುಂಗಿಕೊಂಡಿತು. ಅಮೆರಿಕವನ್ನು ಹೊಗಳುವಾಗ ಈ ಭಾಗವನ್ನೂ ಹೇಳಬೇಕು.

ಜರ್ಮನಿಯವರದು ನಿಧಾನ. ಮೊದಲು ಹ್ಯಾಂಬರ್ಗ್ ವಿಮಾನ ನಿಲ್ದಾಣದಲ್ಲಿ 2010ರ ಸೆಪ್ಟೆಂಬರಿನಿಂದ 2011ರ ಜುಲೈ ತನಕ ಪರೀಕ್ಷೆಗೆ ಇಟ್ಟರು. ಶುರುವಿನಿಂದಲೇ ಗೊಂಬೆಯ ಚಿತ್ರ ಮಾತ್ರ, ಇಷ್ಟ ಇದ್ದವರು ಮಾತ್ರ. 8 ಲಕ್ಷಕ್ಕೂ ಹೆಚ್ಚು ಜನ ಒಪ್ಪಿ ಒಳಗೆ ನಿಂತರು. ಆದರೂ ಯಂತ್ರ ಫೇಲ್. ಬೆವರಿದರೆ ಕೂಗುತ್ತಿತ್ತು. ಅಂಗಿ ಮುದುರಿದ್ದರೆ ಕೂಗುತ್ತಿತ್ತು. ಇದು ಇನ್ನೂ ಹಣ್ಣಾಗಿಲ್ಲ ಅಂತ ಗೃಹ ಮಂತ್ರಿಯೇ ಹೇಳಿ, ಎಲ್ಲ ಕಡೆ ಹಾಕುವುದನ್ನು ಮುಂದಕ್ಕೆ ತಳ್ಳಿದರು. ಅದೇ ವರ್ಷದ ನವೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ನಿಯಮ ತಂದಿತು. ಎಕ್ಸ್-ರೇ ಬಳಸುವಂತಿಲ್ಲ. ಚಿತ್ರ ಉಳಿಸುವಂತಿಲ್ಲ, ನಕಲು ಮಾಡುವಂತಿಲ್ಲ. ಬೇಡ ಅನ್ನುವ ಹಕ್ಕು ಪ್ರಯಾಣಿಕರಿಗೆ ಇದೆ, ಹಾಗೆ ಇದೆ ಅಂತ ಅವರಿಗೆ ಮೊದಲೇ ತಿಳಿಸಬೇಕು. ಹಕ್ಕು ಕೊಟ್ಟು ಅದನ್ನು ಹೇಳದೆ ಇರುವುದು ಎಷ್ಟು ಸುಲಭ ಅಂತ ನಮಗೆ ಚೆನ್ನಾಗಿ ಗೊತ್ತು. ಹಾಗಾಗಿ ನನಗೆ ಈ ಕೊನೆಯ ಸಾಲೇ ಜಾಸ್ತಿ ಹಿಡಿಸಿತು.

ಇಷ್ಟೆಲ್ಲ ಮಾಡಿ ಭದ್ರತೆ ಬಂತೇ ಅಂದರೆ ಅದರ ಕಥೆಯೂ ಇದೆ. 2015ರಲ್ಲಿ ಅಮೆರಿಕದ ಸರ್ಕಾರದವರೇ ಮಾರುವೇಷದಲ್ಲಿ ಹೋಗಿ ನಕಲಿ ಬಾಂಬು, ಆಯುಧ ಸಾಗಿಸಿ ನೋಡಿದ್ದು ಪತ್ರಿಕೆಗಳಲ್ಲಿ ಬಂತು. 70 ಪ್ರಯತ್ನದಲ್ಲಿ 67 ಸಲ ಯಾರೂ ಹಿಡಿಯಲಿಲ್ಲ. ಟಿಎಸ್‌ಎಯ ಹಂಗಾಮಿ ಮುಖ್ಯಸ್ಥರನ್ನು ಆ ಜಾಗದಿಂದ ಎತ್ತಂಗಡಿ ಮಾಡಿದರು. ಭದ್ರತೆ ಬೇಕಾದರೆ ಖಾಸಗಿತನ ಬಿಡಬೇಕು ಅಂತ ಯಾರಾದರೂ ಹೇಳಿದರೆ ನಾನು ಈ ಲೆಕ್ಕ ಮುಂದಿಡುತ್ತೇನೆ. ಬಿಟ್ಟದ್ದೇನೋ ಬಿಟ್ಟೆವು, ಬದಲಿಗೆ ಬಂದದ್ದು ಎಷ್ಟು?

ಈಗ ನಮ್ಮ ಕಡೆಗೆ ಬರುತ್ತೇನೆ.

2010ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ನಮ್ಮ ರಾಯಭಾರಿಯಾಗಿದ್ದ ಮೀರಾ ಶಂಕರ್ ಅವರನ್ನು ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆದು ಮೈ ತಡವಿ ನೋಡಿದರು. ಉಟ್ಟಿದ್ದದ್ದು ಸೀರೆ. ಸೀರೆ ಉಟ್ಟದ್ದಕ್ಕೇ ಆರಿಸಿದರು ಅಂತ ಜೊತೆಯಲ್ಲಿದ್ದವರು ಹೇಳಿದ್ದು ವರದಿಯಾಯಿತು. ದೆಹಲಿಯಲ್ಲಿ ಆಗ ವಿದೇಶಾಂಗ ಮಂತ್ರಿ ನಮ್ಮ ಮದ್ದೂರಿನ ಎಸ್. ಎಂ. ಕೃಷ್ಣ. ಇದನ್ನು ಒಪ್ಪಲು ಆಗುವುದಿಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು, ಅಮೆರಿಕ ವಿಷಾದ ಸೂಚಿಸಿತು. ಅದಕ್ಕೂ ಕೆಲವು ವರ್ಷ ಹಿಂದೆ ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಮಂತ್ರಿಯಾಗಿದ್ದಾಗಲೇ ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಇಂಥದ್ದೇ ತಪಾಸಣೆಗೆ ಸಿಕ್ಕಿದ್ದರು. 2011ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅಬ್ದುಲ್ ಕಲಾಂ ವಿಮಾನದೊಳಗೆ ಕೂತಾಗಿತ್ತು, ಆಮೇಲೆ ಬಂದು ಅವರ ಕೋಟು, ಶೂ ತೆಗೆದುಕೊಂಡು ಹೋಗಿ ನೋಡಿದರು. ಪ್ರತಿ ಸಲವೂ ದೇಶಕ್ಕೆ ಸಿಟ್ಟು ಬಂತು. ನನಗೂ ಬಂತು.

ಆ ಸಿಟ್ಟಿನ ಒಳಗೆ ಏನಿತ್ತು ಅಂತ ಈಗ ನೋಡಿದರೆ ಸ್ವಲ್ಪ ಇರುಸುಮುರುಸು. ಅವರು ಯಾರು ಅಂತ ಗೊತ್ತಾಗಲಿಲ್ಲವಾ ಅಂತ ನಾವು ಕೇಳಿದೆವು. ಅದೇ ಜ್ಯಾಕ್ಸನ್ನಿನಲ್ಲಿ ಸೀರೆ ಉಟ್ಟು ಸಾಲಿನಲ್ಲಿ ನಿಲ್ಲುವ, ಮಗಳ ಬಾಣಂತನಕ್ಕೆ ಬಂದ ಹಾಸನದ ಒಬ್ಬ ತಾಯಿಯನ್ನು ಹೀಗೆ ತಡವಿದರೆ ಸರಿಯಾ ಅಂತ ಯಾರೂ ಕೇಳಲಿಲ್ಲ. ಸೀರೆಯ ಮಾನದ ಮಾತು ಬಂತು, ಆದರೆ ಅದು ರಾಯಭಾರಿಯ ಸೀರೆ ಆದ್ದರಿಂದ ಬಂತು. ಕಲಾಂ ಮಾತ್ರ ತಮ್ಮ ವಿಷಯವನ್ನು ದೊಡ್ಡದು ಮಾಡಲೇ ಇಲ್ಲ.

ನಮ್ಮ ವಿಮಾನ ನಿಲ್ದಾಣಗಳಲ್ಲೇ ನೋಡಿ. ಯಾರ್ಯಾರಿಗೆ ಸೆಕ್ಯುರಿಟಿ ತಪಾಸಣೆ ಇಲ್ಲ ಅಂತ ಒಂದು ಪಟ್ಟಿ ಇದೆ. ರಾಷ್ಟ್ರಪತಿಯಿಂದ ಶುರುವಾಗಿ ಉದ್ದಕ್ಕೆ ಹೋಗುತ್ತದೆ. ಅದನ್ನು ಬೋರ್ಡಿನಲ್ಲಿ ಬರೆದು ಸಾಲಿನವರಿಗೆಲ್ಲ ಕಾಣುವ ಹಾಗೆ ಹಾಕುತ್ತಿದ್ದರು. ಯಾವ ಹುದ್ದೆಯೂ ಇಲ್ಲದ ಒಬ್ಬರ ಹೆಸರೂ ಅದರಲ್ಲಿ ಇತ್ತು, 2015ರಲ್ಲಿ ತೆಗೆದರು. ಹೀಗೆ ಬೆಲ್ಟು ಬಿಚ್ಚಿ ನಿಂತವನ ಎದುರಿಗೇ ಬೆಲ್ಟು ಬಿಚ್ಚಬೇಕಿಲ್ಲದವರ ಪಟ್ಟಿ ತೂಗುಹಾಕುವ ಚೆಂದ ನಮ್ಮಲ್ಲಿ ಮಾತ್ರ. ಮುಖ ನೋಡಿ ಮಣೆ ಹಾಕುವುದು ನಮಗೆ ರಕ್ತಗತ. ಹೊರದೇಶಗಳಲ್ಲಿ ಹಾಗಿಲ್ಲವೇ ಅಂದರೆ, ಬೇರೆ ಥರ ಇದೆ. ಅಮೆರಿಕದಲ್ಲಿ 80 ಡಾಲರ್ ಆಸುಪಾಸು ಕೊಟ್ಟು, ಬೆರಳಚ್ಚು ಕೊಟ್ಟು, ಹಿನ್ನೆಲೆ ತಪಾಸಣೆ ಮಾಡಿಸಿಕೊಂಡರೆ ಪ್ರೀಚೆಕ್ ಅನ್ನುವ ಬೇರೆ ಸಾಲು ಸಿಗುತ್ತದೆ. ಅಲ್ಲಿ ಹೆಚ್ಚಾಗಿ ಹಳೆಯ ಮೆಟಲ್ ಡಿಟೆಕ್ಟರ್ ದಾಟಿದರೆ ಮುಗಿಯಿತು. ಅಂದರೆ ಮೈ ತೋರಿಸದೆ ಇರಬೇಕಾದರೆ ದುಡ್ಡು ಮತ್ತು ಮಾಹಿತಿ ಕೊಡಬೇಕು. ನಮ್ಮಲ್ಲಿ ಅದಕ್ಕೆ ಹುದ್ದೆ ಬೇಕು. ಯಾವುದು ಮೇಲು ಅಂತ ನಾನು ಹೇಳಲಾರೆ, ಎರಡೂ ನನಗೆ ಹಿಡಿಸುವುದಿಲ್ಲ.

ಹುದ್ದೆ ಇಲ್ಲದವರಿಗೆ ನಮ್ಮಲ್ಲಿ ಇರುವ ವ್ಯವಸ್ಥೆ ಎಲ್ಲರಿಗೂ ಗೊತ್ತು. ಹೆಂಗಸರಿಗೆ ಪರದೆ ಕಟ್ಟಿದ ಗೂಡು, ಒಳಗೆ ಮಹಿಳಾ ಸಿಬ್ಬಂದಿ. ಇದು ನಿಜಕ್ಕೂ ಒಳ್ಳೆಯ ಕ್ರಮ. ಜರ್ಮನಿಯಲ್ಲಿ ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡುತ್ತಾರೆ, ಆದರೆ ಪರದೆ ಬೇಕಾದರೆ ನೀವೇ ಕೇಳಬೇಕು. ನಮ್ಮಲ್ಲಿ ಕೇಳದೆಯೇ ಇದೆ. ಗಂಡಸರ ಪಾಡು ಮಾತ್ರ ಬೇರೆ. ಎಲ್ಲರ ಎದುರಿಗೆ ಆ ಸಣ್ಣ ಕಟ್ಟೆಯ ಮೇಲೆ ಹತ್ತಿ, ಕೈ ಅಗಲಿಸಿ ನಿಲ್ಲಬೇಕು. ಗಂಡಸಿಗೆ ಎಂಥ ಮರೆ ಅನ್ನುವುದು ನಮ್ಮ ಯೋಚನೆ. ಹರ್ನಿಯಾ ಬೆಲ್ಟ್ ಕಟ್ಟಿಕೊಂಡ ಎಪ್ಪತ್ತರ ಮುದುಕರು ಅದನ್ನು ಜೋರಾಗಿ ವಿವರಿಸಬೇಕಾಗುತ್ತದೆ, ಹಿಂದಿನ ಹತ್ತು ಜನಕ್ಕೂ ಕೇಳಿಸುತ್ತದೆ. ಗಂಡು ಸಾಲು ಹೆಣ್ಣು ಸಾಲು ಎರಡಕ್ಕೂ ಸೇರದವರು ಎಲ್ಲಿ ನಿಲ್ಲಬೇಕು ಅನ್ನುವುದು ಇನ್ನೊಂದು. ಅದಕ್ಕೆ ಯಂತ್ರದ ಹತ್ತಿರವೂ ಉತ್ತರ ಇರಲಿಲ್ಲ. ಅಮೆರಿಕದಲ್ಲಿ ಸಿಬ್ಬಂದಿ ಎದುರಿಗೆ ಬಂದವರನ್ನು ನೋಡಿ ಗಂಡು ಅಥವಾ ಹೆಣ್ಣು ಅಂತ ಗುಂಡಿ ಒತ್ತಬೇಕಿತ್ತು. ಮೈ ಅದಕ್ಕೆ ಹೊಂದದಿದ್ದರೆ ಯಂತ್ರ ಕೂಗುತ್ತಿತ್ತು. ಆ ಗುಂಡಿಯ ಗೊಡವೆಯೇ ಇಲ್ಲದ ತಂತ್ರಾಂಶ ತರುತ್ತೇವೆ ಅಂತ ಟಿಎಸ್‌ಎ ಹೇಳಿದ್ದು 2022ರಲ್ಲಿ.

ನಟಿ, ನರ್ತಕಿ ಸುಧಾ ಚಂದ್ರನ್ ಅವರದು ನೆನಪಿರಬಹುದು. ಕೃತಕ ಕಾಲಿನಲ್ಲಿ ದೇಶವೇ ಬೆರಗಾಗುವ ಹಾಗೆ ಕುಣಿದವರು. ವಿಮಾನ ನಿಲ್ದಾಣದಲ್ಲಿ ಪ್ರತಿ ಸಲ ಕಾಲು ಬಿಚ್ಚಿ ತೋರಿಸಬೇಕಾಗುತ್ತದೆ, ಹಿರಿಯ ನಾಗರಿಕರಿಗೆ ಕೊಡುವ ಹಾಗೆ ನಮಗೂ ಒಂದು ಕಾರ್ಡ್ ಕೊಡಿ ಅಂತ 2021ರ ಅಕ್ಟೋಬರಿನಲ್ಲಿ ವಿಡಿಯೋ ಮಾಡಿ ಪ್ರಧಾನಿಯವರನ್ನು ಕೇಳಿದರು. ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮಾಡುವ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕ್ಷಮೆ ಕೇಳಿತು. ಅವರು ಹೆಸರುವಾಸಿ, ಹಾಗಾಗಿ ದನಿ ಮುಟ್ಟಿತು. ಅದೇ ಸಾಲಿನಲ್ಲಿ ಕಾಲು ಬಿಚ್ಚುವ ಉಳಿದವರ ಹೆಸರು ಯಾರಿಗೂ ಗೊತ್ತಿಲ್ಲ.

ಒಂದು ಸಲ ಅಮ್ಮನನ್ನು ಊರಿಗೆ ಕರೆದುಕೊಂಡು ಹೊರಟಿದ್ದೆ. ಜರ್ಮನಿಯಲ್ಲಿ ಸ್ಕ್ಯಾನರ್ ಒಳಗೆ ನಿಂತು ಬಂದರು. ತೆರೆಯ ಮೇಲಿನ ಗೊಂಬೆಯ ಮೈತುಂಬ ಗುರುತು. ಸೊಂಟದ ನೆರಿಗೆಯ ಹತ್ತಿರ ಒಂದು, ಸೆರಗಿನ ಪಿನ್ನಿಗೆ ಒಂದು, ತುರುಬಿಗೆ ಒಂದು. ಹ್ಯಾಂಬರ್ಗಿನಲ್ಲಿ ಮುದುರಿದ ಅಂಗಿಗೇ ಕಂಗಾಲಾದ ಯಂತ್ರದ ವಂಶದ್ದಲ್ಲವೇ, ಆರು ಗಜದ ಸೀರೆ ಅದಕ್ಕೆ ಎಲ್ಲಿ ಅರ್ಥವಾಗಬೇಕು? ತೆರೆ ಪ್ರಯಾಣಿಕರಿಗೂ ಕಾಣುವ ಹಾಗೆ ಇತ್ತು. ಅಮ್ಮ ಬಗ್ಗಿ ನೋಡಿ, "ನಾನೇನೋ ಅದು? ಸರಿ ಬಿಡು, ಗೊಂಬೆ ಅಲ್ವಾ" ಅಂದರು. ಮಹಿಳಾ ಸಿಬ್ಬಂದಿ ತೆರೆಯ ಮೇಲಿನ ಗುರುತು ತೋರಿಸಿ, ಆಮೇಲೆ ಅಮ್ಮನ ನೆರಿಗೆ ತೋರಿಸಿ, ಮುಟ್ಟಲಾ ಅಂತ ಸನ್ನೆಯಲ್ಲಿ ಕೇಳಿದಳು. ಅಮ್ಮ ತಲೆ ಆಡಿಸಿದರು. ಅಷ್ಟೇ.

ವಾಪಸ್ ಬರುವಾಗ ನಮ್ಮ ಕಡೆಯ ಒಂದು ವಿಮಾನ ನಿಲ್ದಾಣದಲ್ಲಿ ಅಮ್ಮ ಪರದೆ ಒಳಗೆ ಹೋದರು. ಒಳಗಿನಿಂದ ಜೋರಾದ ಹಿಂದಿ ಕೇಳಿಸಿತು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಹೊರಗೆ ಬಂದಾಗ ಮುಖ ಕೆಂಪಾಗಿತ್ತು. "ಆ ಹುಡುಗಿ ಕೆಟ್ಟವಳೇನಲ್ಲ ಕಣೋ. ಏನು ಮಾಡ್ತೀನಿ ಅಂತ ಒಂದು ಮಾತು ಕನ್ನಡದಲ್ಲಿ ಹೇಳಿದ್ರೆ ಸಾಕಿತ್ತು" ಅಂದರು. ಪರದೆ ಇತ್ತು, ಹೆಂಗಸೇ ಇದ್ದಳು, ನಿಯಮ ಎಲ್ಲ ಸರಿ. ಆದರೂ ಮೈಗೆ ಏನಾಗುತ್ತಿದೆ ಅಂತ ತಿಳಿಯದೆ ನಿಲ್ಲಬೇಕಾಯಿತು. ಕನ್ನಡ ನೆಲದ ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿಯವರಿಗೆ ನಾಲ್ಕು ವಾಕ್ಯ ಕನ್ನಡ ಬರಬೇಕು ಅಂತ ನಾವು ಹೇಳಿದಾಗ ಅದನ್ನು ಭಾಷೆಯ ಜಗಳ ಅಂತ ತಳ್ಳಿಹಾಕುತ್ತಾರೆ. ಇದು ಮೈಯ ವಿಷಯವೂ ಹೌದು.

ಯಂತ್ರ ನಮ್ಮಲ್ಲೂ ಬರಬೇಕಿತ್ತು. 2019ರ ಏಪ್ರಿಲ್‌ನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಆದೇಶ ಹೊರಡಿಸಿತು. ಸೂಕ್ಷ್ಮ ಅಂತ ಗುರುತಿಸಿದ 84 ವಿಮಾನ ನಿಲ್ದಾಣಗಳಲ್ಲಿ 2020ರ ಮಾರ್ಚ್ ಒಳಗೆ ಬಾಡಿ ಸ್ಕ್ಯಾನರ್ ಹಾಕಬೇಕು. ಗೊಂಬೆಯ ಚಿತ್ರ ಮಾತ್ರ ಇರಬೇಕು, ಬೇಡ ಅಂದವರನ್ನು ಕೈಯಿಂದ ತಪಾಸಣೆ ಮಾಡಬಹುದು. ಆ ಮಾರ್ಚ್ ಕೊರೊನಾದಲ್ಲಿ ಮುಳುಗಿತು. ಗಡುವು ಮುಂದೆ ಮುಂದೆ ಹೋಯಿತು. ಇವತ್ತಿಗೂ ಹೆಚ್ಚಿನ ಕಡೆ ಅದೇ ಕಟ್ಟೆ, ಅದೇ ಕೈ. ನನಗೆ ಕೇಳಿದರೆ ಯಂತ್ರ ಬರಲಿ. ಹದಿನೈದು ವರ್ಷ ಬೇರೆಯವರು ಜಗಳ ಆಡಿ ಹದ ಮಾಡಿದ ಯಂತ್ರ ನಮಗೆ ಸಿಗುತ್ತದೆ. ಹರ್ನಿಯಾ ಬೆಲ್ಟಿನ ಮುದುಕರಿಗೆ ಅದು ಕೈಗಿಂತ ವಾಸಿ. ಆದರೆ ಜಗಳ ಅವರದ್ದಾದ್ದರಿಂದ ನಿಯಮದ ಬೆಲೆ ನಮಗೆ ಗೊತ್ತಾಗದೆ ಹೋಗಬಹುದು ಅನ್ನುವ ಅಳುಕು ಇದ್ದೇ ಇದೆ. ತೆರೆಯನ್ನು ಪ್ರಯಾಣಿಕರ ಕಡೆಗೆ ತಿರುಗಿಸಿ ಇಡುತ್ತಾರಾ? ಬೇಡ ಅನ್ನಬಹುದು ಅಂತ ಕನ್ನಡದಲ್ಲಿ ಬೋರ್ಡ್ ಹಾಕುತ್ತಾರಾ? ಬೇಡ ಅಂದವನನ್ನು ಅನುಮಾನದಿಂದ ನೋಡದೆ ಇರುತ್ತಾರಾ?

ಅಳುಕಿಗೆ ಕಾರಣ, ಮುಖ ನೋಡಿ ಗುರುತು ಹಿಡಿಯುವ ಇನ್ನೊಂದು ಯಂತ್ರ ನಮ್ಮಲ್ಲಿ ಬಂದ ರೀತಿ. ಬೆಂಗಳೂರಿನಲ್ಲಿ ನೆಲೆಸಿದ್ದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ದೇಶಕ್ಕೆ ಈ ಹಕ್ಕು ಕೊಡಿಸಿದ ಮನುಷ್ಯ ನಮ್ಮವರು ಅಂತ ನಾನು ಇಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಐದು ವರ್ಷ ಕಳೆಯಿತು. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಗಳಲ್ಲಿ ಡಿಜಿಯಾತ್ರಾ ಶುರುವಾಯಿತು. ಕ್ಯಾಮೆರಾಗೆ ಮುಖ ತೋರಿಸಿದರೆ ಗೇಟು ತೆರೆಯುತ್ತದೆ. ಇಷ್ಟ ಇದ್ದವರಿಗೆ ಮಾತ್ರ, ಮಾಹಿತಿ ನಿಮ್ಮ ಫೋನಿನಲ್ಲೇ ಇರುತ್ತದೆ, ವಿಮಾನ ನಿಲ್ದಾಣದಲ್ಲಿ 24 ಗಂಟೆಯಲ್ಲಿ ಅಳಿಸುತ್ತೇವೆ ಅಂತ ಹೇಳುತ್ತಾರೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. 2024ರಲ್ಲಿ ಯುರೋಪಿನ ಡೇಟಾ ರಕ್ಷಣಾ ಮಂಡಳಿ ಕೂಡ ಮುಖದ ಗುರುತು ಪ್ರಯಾಣಿಕನ ಕೈಯಲ್ಲೇ ಇರಬೇಕು, ಇಲ್ಲವೇ ಅದರ ಕೀಲಿಯಾದರೂ ಅವನ ಹತ್ತಿರವೇ ಇರಬೇಕು ಅಂದಿತು. ಆದರೆ ಬಾಗಿಲಲ್ಲಿ ನಿಂತ ಹುಡುಗರು ಏನು ಎತ್ತ ಅಂತ ಹೇಳದೆ ಬೋರ್ಡಿಂಗ್ ಪಾಸ್ ತೆಗೆದುಕೊಂಡು ಮುಖದ ಫೋಟೋ ಹಿಡಿದು ಸೇರಿಸಿಬಿಟ್ಟರು ಅಂತ ಎಷ್ಟೋ ಪ್ರಯಾಣಿಕರು ದೂರಿದರು. ನಡೆಸುವ ಸಂಸ್ಥೆ ಒಂದು ಖಾಸಗಿ ಫೌಂಡೇಷನ್, ಆರ್‌ಟಿಐ ನಮಗೆ ಅನ್ವಯಿಸುವುದಿಲ್ಲ ಅನ್ನುತ್ತದೆ. ಆರ್ಲ್ಯಾಂಡೊದ 35 ಸಾವಿರ ಚಿತ್ರ ಬೆಳಕಿಗೆ ಬಂದದ್ದೇ ಮಾಹಿತಿ ಹಕ್ಕಿನಿಂದ.

ಮೈಯ ಚಿತ್ರದ ಬಗ್ಗೆ ಕೂಗಾಡುವ ನಾವು ಮುಖದ ಬಗ್ಗೆ ಸುಮ್ಮನಿದ್ದೇವೆ. ಮುಖ ಎಲ್ಲರಿಗೂ ಕಾಣುವುದೇ, ಅದರಲ್ಲಿ ನಾಚಿಕೆ ಏನಿಲ್ಲ. ನಾಚಿಕೆ ಇಲ್ಲದ ಕಡೆ ಖಾಸಗಿತನವೂ ಇಲ್ಲ ಅಂತ ನಮಗೆ ಅನಿಸಿಬಿಡುತ್ತದೆ. ಸ್ಕ್ಯಾನರಿನ ಗೊಂಬೆಯಿಂದ ನನ್ನನ್ನು ಯಾರೂ ಗುರುತು ಹಿಡಿಯಲಾರರು. ಮುಖದಿಂದ ಹಿಡಿಯಬಹುದು, ಅದೂ ಬಸ್ ಸ್ಟ್ಯಾಂಡಿನಲ್ಲಿ, ಮಾಲ್‌ನಲ್ಲಿ, ಮೆರವಣಿಗೆಯಲ್ಲಿ. ಎರಡರಲ್ಲಿ ಯಾವುದಕ್ಕೆ ಜಾಸ್ತಿ ಹೆದರಬೇಕು ಅಂದರೆ ನಾನು ಎರಡನೆಯದು ಅನ್ನುತ್ತೇನೆ.

ತಮ್ಮ ಬೆಂಗಳೂರಿನಲ್ಲಿ ಇದ್ದಾನೆ, ಕೆಲಸದ ಮೇಲೆ ವಾರ ವಾರ ಹಾರಾಡುತ್ತಾನೆ. ಇದನ್ನೆಲ್ಲ ಅವನ ಹತ್ತಿರ ಹೇಳಿದೆ. "ಅಣ್ಣಾ, ಬೆಳಗ್ಗೆ ಐದಕ್ಕೆ ದೇವನಹಳ್ಳಿಗೆ ಬಂದು ಆ ಸಾಲಿನಲ್ಲಿ ಒಂದ್ಸಲ ನಿಂತು ನೋಡು. ಮುಖ ಏನು, ಕಿಡ್ನಿ ಸ್ಕ್ಯಾನ್ ಮಾಡ್ತೀನಿ ಅಂದ್ರೂ ಕೊಡ್ತೀಯ" ಅಂದ. ಸಾಲಿನ ವಿಷಯದಲ್ಲಿ ಅವನು ಹೇಳುವುದು ನಿಜ. ಡಿಜಿಯಾತ್ರಾ ಆ್ಯಪಿಗೆ ಒಪ್ಪಿಗೆ ಕೊಡುವಾಗ ಏನು ಬರೆದಿತ್ತು ಅಂತ ಕೇಳಿದೆ. ಓದಿಲ್ಲ ಅಂದ. ಇಂಗ್ಲಿಷಿನಲ್ಲಿ ಉದ್ದಕ್ಕೆ ಇತ್ತಂತೆ. ಕಳಿಸು ನಾನು ಓದುತ್ತೇನೆ ಅಂದಿದ್ದೇನೆ, ಇನ್ನೂ ಕಳಿಸಿಲ್ಲ.